ಸ್ನೇಹಿತರು ಸಿಗುತ್ತಾರೆ, ಹುಡುಕುವ ಜಾಗ ಬೇರೆ

‘ಜಪಾನಿನಲ್ಲಿ ಊರು ನೋಡಬಹುದು, ಸ್ನೇಹಿತರು ಸಿಗುವುದಿಲ್ಲ’ ಎಂದು ಒಬ್ಬ ಲೇಖಕರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಟೋಕಿಯೊದಲ್ಲಿ ಕೆಲಸಕ್ಕಿದ್ದಾಗ ನನಗೆ ಆಫೀಸಿನವರಿಗಿಂತ ಹತ್ತಿರವಾದವರು ಜಪಾನಿ ಕಲಿಸುತ್ತಿದ್ದ ಹಿರಿಯರು. ಸ್ವಯಂಸೇವಕರು ನಡೆಸುವ ಇಂಥ ತರಗತಿಗಳು ಅಲ್ಲಿ ತುಂಬಾ ಕಡೆ ಇವೆ, ಖರ್ಚೂ ಕಡಿಮೆ. ಅವರೇ ನನ್ನನ್ನು ಕಾಮಾಕುರಾ ಎಂಬ ಕಡಲ ತೀರದ ಹಳೆಯ ಊರಿಗೆ ಕರೆದುಕೊಂಡು ಹೋದರು. ರೈಲಿನಲ್ಲಿ ಸುಮಾರು 1 ಗಂಟೆ ದಾರಿ. ಬಯಲಲ್ಲಿ ಕೂತ, 11 ಮೀಟರಿಗೂ ಎತ್ತರದ ಕಂಚಿನ ಬುದ್ಧ, ಮನೆಗಳಿಗೆ ತಾಗಿದಂತೆಯೇ ಓಡುವ ಎನೊದೆನ್ ರೈಲು, ಆಮೇಲೆ ಸಮುದ್ರ! ಒಬ್ಬನೇ ಹೋಗಿದ್ದರೆ ಸುಮ್ನೆ ಫೋಟೊ ತೆಗೆದು ಬರುತ್ತಿದ್ದೆ, ಅಲ್ವಾ? ಬೇಸಿಗೆಯ ಮಾತ್ಸುರಿ ಹಬ್ಬದಲ್ಲಿ ಮಿಕೋಶಿ, ಅಂದರೆ ದೇವರ ಪಲ್ಲಕ್ಕಿ, ಹೊರಲೂ ಕರೆದರು. ಅದಕ್ಕೆ ಹೆಗಲು ಕೊಟ್ಟವನನ್ನು ಯಾರೂ ಹೊರಗಿನವನಂತೆ ನೋಡಲಿಲ್ಲ. ಹೊಸದಾಗಿ ಹೋಗುವವರು ವಾರ್ಡ್ ಆಫೀಸಿನಲ್ಲಿ ಈ ತರಗತಿಗಳ ಬಗ್ಗೆ ವಿಚಾರಿಸಿ. ವಿಳಾಸ ನೋಂದಾಯಿಸಲು ಹೇಗೂ ಅಲ್ಲಿಗೆ ಹೋಗಲೇಬೇಕು.