ಎಣ್ಣೆ ಎರಡೂ ಕೆನ್ನೆಗೂ ಒಂದೇ ಅಲ್ವಾ?

30 ವರ್ಷ ರಾತ್ರಿ ಕೊಬ್ಬರಿ ಎಣ್ಣೆ ತಪ್ಪಿಸದ ಅಜ್ಜಿಗೆ ಸುಕ್ಕೇ ಇಲ್ಲ, ಎಲ್ಲ ಎಣ್ಣೆ ಮಹಿಮೆ ಅಂತ ಬರೆದಿದ್ದೀರಿ. ಒಪ್ಪೋಕಾಗಲ್ಲ. ತಲೆಮೇಲೆ ಸೆರಗಿಲ್ಲದೆ ಆಕೆ ಅಂಗಳಕ್ಕೂ ಇಳಿಯಲ್ಲ ಅಂತ ನೀವೇ ಬರೆದಿದ್ದೀರಲ್ಲ, ಗುಟ್ಟು ಅಲ್ಲಿರೋದು, ಮುಖಕ್ಕೆ ಬಿಸಿಲು ತಾಗದಿರೋದ್ರಲ್ಲಿ.

ನಮ್ಮಪ್ಪ 26 ವರ್ಷ ಲಾರಿ ಓಡಿಸಿದವರು. ದಿನಾ ಸ್ನಾನ ಆದ್ಮೇಲೆ ಅಂಗೈಲಿ ಎಣ್ಣೆ ತಿಕ್ಕಿ ಮುಖಕ್ಕೆ ಸವರ್ಕೊಂಡೇ ಹೊರಡ್ತಿದ್ರು. ಈಗ ಕಿಟಕಿ ಕಡೆಯ ಬಲಗೆನ್ನೆ ಒಣಗಿದ ಹಾಗಲಕಾಯಿ, ಎಡಗೆನ್ನೆ ಹತ್ತು ವರ್ಷ ಚಿಕ್ಕದು. ಎಣ್ಣೆಯೇನು ಒಂದೇ ಕಡೆ ಹಚ್ತಿದ್ರಾ? ಪಕ್ಕದ ಗಾಜು ಏರಿಸಿದ್ರೂ ಚರ್ಮದ ಆಳಕ್ಕಿಳಿದು ಸುಕ್ಕು ತರೋ ಬಿಸಿಲಿನ ಯುವಿಎ ಕಿರಣ ಒಳಗೆ ಬರುತ್ತೆ.

ಆಸ್ಟ್ರೇಲಿಯಾದ ನಂಬೂರ್‌ನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯ್ತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಚರ್ಮ ಮುಪ್ಪಾಗೋದು ಶೇ. 24ರಷ್ಟು ಕಡಿಮೆ. ಅಳೆದದ್ದು ಮುಖ ಅಲ್ಲ, ಕೈಯ ಹಿಂಬದಿ. ನಾವು ಹಚ್ಚೋಕೆ ಮರೆಯೋ ಜಾಗವೇ ಅದು!

ಎಣ್ಣೆ ಬೇಡ ಅಂತಲ್ಲ, ಚಳಿಗಾಲದಲ್ಲಿ ಚರ್ಮ ಒಡೆಯೋದಾದ್ರೂ ತಪ್ಪುತ್ತೆ. ಸನ್‌ಸ್ಕ್ರೀನ್ ದುಬಾರಿ ಅನ್ನೋರು ಕೊಡೆ ಹಿಡೀಲಿ. ಅಪ್ಪನಿಗೆ ಹೇಳಿದ್ರೆ, "ಈಗ ಯಾರಿಗೆ ತೋರಿಸ್ಬೇಕು, ಬಿಡು ಮಾರಾಯ" ಅಂತಾರೆ.