ಬರೆಯುವವರು ನಾವು, ಬಾಚುವವರು ಅವರು

ಮಳೆಗಾಲದ ಆಟಿ ತಿಂಗಳು ಬಂತೆಂದರೆ ಆದಿ ಉಡುಪಿಯ ಸಂತೆಗೆ ಕಣಿಲೆ, ಅಂದರೆ ಎಳೆ ಬಿದಿರು, ಬರುತ್ತದೆ, ನನ್ನ ಜಾಲತಾಣಕ್ಕೆ ಓದುಗರು ಬರುತ್ತಾರೆ. ಬರುತ್ತಿದ್ದರು ಎನ್ನಬೇಕು. ಕರಾವಳಿಯ ಅಡುಗೆಗಳನ್ನು ಹಿರಿಯರಿಂದ ಕೇಳಿ, ಮಾಡಿ ನೋಡಿ ಬರೆದಿಟ್ಟ ತಾಣ ಅದು. ಜಾಹೀರಾತಿಲ್ಲ, ಶುಲ್ಕವಿಲ್ಲ, ಹೋಸ್ಟಿಂಗ್ ಖರ್ಚು ನನ್ನದೇ. ಈ ವರ್ಷ ಓದುಗರ ಬದಲು ಬಂದದ್ದು, ಪುಟಗಳನ್ನು ತಾವಾಗಿಯೇ ನಕಲು ಮಾಡಿ ಒಯ್ಯುವ ತಂತ್ರಾಂಶಗಳಾದ ಬಾಟ್‌ಗಳ ದಂಡು. ಕೃತಕ ಬುದ್ಧಿಮತ್ತೆಗೆ ಮೇವು ಬೇಕಲ್ಲ! ಒಮ್ಮೆ ಒಯ್ದ ಪುಟಗಳನ್ನೇ ಮತ್ತೆ ಮತ್ತೆ ಒಯ್ದು, ತಿಂಗಳ ನಡುವೆಯೇ ನನ್ನ ಡೇಟಾ ಮಿತಿಯನ್ನು ಮುಗಿಸಿದವು. ತಾಣ ಮುಚ್ಚಿತು. ತೆರೆಯಲು ಹೆಚ್ಚುವರಿ ಹಣ ಕಟ್ಟಬೇಕಂತೆ. ಕದ್ದವನ ಆಟೋ ಬಾಡಿಗೆಯನ್ನೂ ಮನೆಯವರೇ ಕೊಟ್ಟ ಹಾಗಾಯಿತು!

2024ರ ಜನವರಿಯಿಂದೀಚೆಗೆ ತನ್ನ ತಾಣಗಳ ಚಿತ್ರ, ವಿಡಿಯೊಗಳ ಡೌನ್‌ಲೋಡ್‌ಗೆ ಹೋಗುವ ಬ್ಯಾಂಡ್‌ವಿಡ್ತ್ ಶೇ 50ರಷ್ಟು ಏರಿದೆ, ಕಾರಣ ಹೆಚ್ಚಾಗಿ ಬಾಟ್‌ಗಳೇ ಎಂದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2025ರ ಏಪ್ರಿಲ್‌ನಲ್ಲಿ ಹೇಳಿತು. ಅಂಥ ದೊಡ್ಡವರ ಪಾಡೇ ಹೀಗಾದರೆ ನನ್ನಂಥವಳನ್ನು ಕೇಳುವವರು ಯಾರು?

ಒಯ್ದದ್ದನ್ನು ಸರಿಯಾಗಿ ಬಡಿಸುತ್ತಾರೆಯೇ? ಅದೂ ಇಲ್ಲ. ಮೊನ್ನೆ ಭಾವ ಮೊಬೈಲ್ ಹಿಡಿದುಕೊಂಡು, "ತಾಣ ಮುಚ್ಚಿದರೇನಂತೆ ಮಾರಾಯ್ತಿ, ಇಲ್ಲಿ ಮೇಲೆಯೇ ಉತ್ತರ ಬರುತ್ತದಲ್ಲ" ಎಂದು, ಹುಡುಕಾಟದ ಫಲಿತಾಂಶಗಳ ಮೇಲೆ ಯಂತ್ರ ಕೊಟ್ಟ ಕಣಿಲೆ ಪಲ್ಯದ ಸಾರಾಂಶವನ್ನು ಓದಿ ಹೇಳಿದರು. ‘ಕತ್ತಿ ಸಲೀಸಾಗಿ ಇಳಿಯುವಷ್ಟು ಎಳತು ಮಾತ್ರ ಪಲ್ಯಕ್ಕೆ.’ ಅಕ್ಷರಕ್ಕಕ್ಷರ ನಮ್ಮ ಅತ್ತೆಯ ಮಾತು, ನಾನು ಬರೆದದ್ದು. ಅದರ ಮುಂದಿನ ಸಾಲೇ ಮಾಯ: ಹೆಚ್ಚಿದ ಕಣಿಲೆಯನ್ನು ಮೂರು ದಿನ ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರು ಬದಲಿಸಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಆ ನೀರನ್ನು ಚೆಲ್ಲುವುದು ಶಾಸ್ತ್ರಕ್ಕಲ್ಲ. ಯಂತ್ರದ ಪ್ರಕಾರ ‘ಚೆನ್ನಾಗಿ ತೊಳೆದು’ ಒಗ್ಗರಣೆಗೆ ಹಾಕಿದರಾಯಿತು! ತಿಂದವರಿಗೆ ಏನಾದರೂ ಆದರೆ ಯಾರನ್ನು ಹಿಡಿಯುವುದು? ಕೆಳಗೆ ಸಣ್ಣ ಅಕ್ಷರದಲ್ಲಿ ‘ತಪ್ಪುಗಳಿರಬಹುದು’ ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ.

ತಡೆಯಬಾರದೇ ಎನ್ನುತ್ತೀರಿ. ಬಾಟ್‌ಗಳಿಗೆ ‘ಒಳಗೆ ಬರಬೇಡಿ’ ಎಂದು ಬರೆದಿಡುವ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತದ ಪದ್ಧತಿ 1994ರಿಂದ ಇದೆ. 2022ರಲ್ಲಿ ಅದನ್ನು ಮಾನದಂಡವಾಗಿ ಪ್ರಕಟಿಸಿದ ದಾಖಲೆಯೇ, ಈ ನಿಯಮಗಳು ಪ್ರವೇಶಕ್ಕೆ ಅನುಮತಿ ಕೊಡುವ ವ್ಯವಸ್ಥೆಯಲ್ಲ ಎನ್ನುತ್ತದೆ. ಮರ್ಯಾದಸ್ಥರು ಪಾಲಿಸಬೇಕು, ಅಷ್ಟೇ. ಹುಡುಕಾಟದ ಬಾಟ್‌ನದು ಇನ್ನೊಂದು ಕಾಟ. ಪುಟವನ್ನು ಪಟ್ಟಿಗೆ ಸೇರಿಸುವುದೂ ಅದೇ, ಮೇಲಿನ ಸಾರಾಂಶಕ್ಕೆ ಸರಕು ಒಯ್ಯುವುದೂ ಅದೇ. ಬರಬೇಡ ಎಂದರೆ ಹುಡುಕಿದವರಿಗೆ ನಾನೇ ಸಿಗುವುದಿಲ್ಲ. ಬಾ ಎಂದರೆ ಸಾರಾಂಶ ಓದಿದವರು ನನ್ನ ತನಕ ಬರುವುದಿಲ್ಲ.

1993ರ ಏಪ್ರಿಲ್ 30ರಂದು ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ವೆಬ್ ತಂತ್ರಜ್ಞಾನವನ್ನು ಶುಲ್ಕವಿಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಆ ಔದಾರ್ಯದ ನೆರಳಿನಲ್ಲೇ ನಮ್ಮಂಥವರು ಬರೆದದ್ದು. ಈಗ ಗೆಳತಿಯರು ಪಾಸ್‌ವರ್ಡ್ ಹಾಕು ಎನ್ನುತ್ತಾರೆ. ಹಾಕಿದರೆ ಮುಂಬೈಯಲ್ಲಿರುವ ಕುಂದಾಪುರದ ಹುಡುಗಿ ಪತ್ರೊಡೆಯನ್ನು ಎಲ್ಲಿ ನೋಡಿ ಕಲಿಯಬೇಕು?

ನನಗೆ ಅವರ ದುಡ್ಡು ಬೇಡ. ಹುಡುಕಾಟಕ್ಕೊಂದು, ಸಾರಾಂಶಕ್ಕೊಂದು ಬೇರೆ ಬೇರೆ ಬಾಟ್ ಇಡಲಿ, ಬೇಡ ಎಂದದ್ದಕ್ಕೆ ಬೆಲೆ ಕೊಡಲಿ. ಅಲ್ಲಿಯವರೆಗೆ ಈ ಆಟಿಗೆಂದು ಬರೆದಿಟ್ಟ ತಜಂಕು ಸೊಪ್ಪಿನ ಅಂಬಡೆಯ (ವಡೆಯ) ಪುಟವನ್ನು ನಾನು ಪ್ರಕಟಿಸುವುದಿಲ್ಲ. ಬೇಕಾದವರು ಮನೆಗೆ ಬಂದು ಕೇಳಿ, ಬರೆದುಕೊಡುತ್ತೇನೆ.