ಚರ್ಚ್ ವಾದ್ಯವೃಂದಕ್ಕೆ ಸೇರಬೇಕು ಅಂತಿದ್ದೀರಾ?

"ನನ್ನ ಕೈ ಅಷ್ಟು ಪಳಗಿಲ್ಲ, ನನ್ನನ್ನೂ ಸೇರಿಸ್ಕೊಳ್ತಾರಾ?" ಅಂತ ಹಿಂಜರಿಯುವವರು ತುಂಬಾ ಜನ. ಆರಾಧನೆಯಲ್ಲಿ ನುಡಿಸೋಕೆ ಪಳಗಿದ ಕೈಗಿಂತ ಹೆಚ್ಚಾಗಿ ಬೇಕಾದದ್ದು ಹಾಡುವವರ ಕಡೆಗಿರುವ ಗಮನ. ಒಬ್ಬರೇ ಸೊಗಸಾಗಿ ನುಡಿಸುವವರೂ ಇಲ್ಲಿ ಎಡವುತ್ತಾರೆ. ಸಾಲು ಮುಗಿದಲ್ಲಿ ಸಭೆಗೆ ಉಸಿರಾಡಲು ಬಿಡದೆ ಮುಂದಕ್ಕೆ ಓಡಿಬಿಡ್ತಾರೆ. ಸ್ವರದ ಜೊತೆಗೆ ಹಾಡಿನ ಪದಗಳನ್ನೂ ಓದಿಕೊಂಡು ನುಡಿಸಿ. ಜನ ಉಸಿರೆಳೆಯುವಲ್ಲಿ ನೀವೂ ಉಸಿರೆಳೆಯಿರಿ, ಪಿಟೀಲಾದರೆ ಕಮಾನು ಎತ್ತಿ.

ಊದುವ ವಾದ್ಯದವರಿಗೆ ಮೊದಲ ದಿನವೇ ಒಂದು ತೊಡಕು ಕಾದಿರುತ್ತದೆ. ಕೀರ್ತನೆ ಪುಸ್ತಕದ ಸ್ವರಲಿಪಿ ಆರ್ಗನ್, ಕೀಬೋರ್ಡ್‌ಗೆ ಹೊಂದುವಂಥದ್ದು. ಬಿ ಫ್ಲಾಟ್ ಟ್ರಂಪೆಟ್, ಕ್ಲಾರಿನೆಟ್‌ಗಳಲ್ಲಿ 'ಸಿ' ನುಡಿಸಿದರೆ ಕೇಳುವುದು 'ಬಿ ಫ್ಲಾಟ್'. ಹಾಗಾಗಿ ಎಫ್ ಮೇಜರ್ ಹಾಡನ್ನು ಇವರು ಜಿ ಮೇಜರ್‌ಗೆ ಬರೆದುಕೊಳ್ಳಬೇಕು, ಆಲ್ಟೊ ಸ್ಯಾಕ್ಸೊಫೋನ್‌ನವರು ಡಿ ಮೇಜರ್‌ಗೆ. ಇದನ್ನು ಮನೆಯಲ್ಲೇ ಮುಗಿಸಿಕೊಂಡು ಬನ್ನಿ. ಗಿಟಾರ್‌ನವರಿಗೆ ಇ ಫ್ಲಾಟ್ ಹಾಡು ಬಂದರೆ ಮೂರನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಅದುಮಿ ಹಿಡಿಯುವ ಕ್ಲಿಪ್) ಹಾಕಿ, ಸಿ ಮೇಜರ್‌ನ ಕಾರ್ಡ್‌ಗಳನ್ನೇ ಹಿಡಿದರಾಯ್ತು.

ಪೈಪ್ ಆರ್ಗನ್ ಇದ್ದರೆ ಎಲ್ಲರೂ ಅದರ ಶ್ರುತಿಗೇ ಬರಬೇಕು, ಅದನ್ನು ನಿಂತ ನಿಲುವಿನಲ್ಲಿ ತಿದ್ದಲಾಗದು. ಒಳಗೆ ಬಿಸಿ ಏರಿದಂತೆ ಆರ್ಗನ್ ಶ್ರುತಿ ಏರುತ್ತದೆ, ಪಿಟೀಲಿನ ತಂತಿ ಇಳಿಯುತ್ತದೆ. ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಕೂಡಿಸಿಕೊಂಡ ಶ್ರುತಿ ಜನ ತುಂಬಿದ ಮೇಲೆ ನಿಲ್ಲುವುದಿಲ್ಲ. ಆರಾಧನೆ ಶುರುವಾಗುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ. ದೂರದ ಆರ್ಗನ್‌ನ ತಾಳವನ್ನು ಕಿವಿಯಿಂದ ಹಿಡಿಯಲೂ ಹೋಗಬೇಡಿ. ಇಪ್ಪತ್ತು ಮೀಟರ್ ದಾಟಿ ಬರಲು ಶಬ್ದಕ್ಕೆ ಸೆಕೆಂಡಿನ ನೂರರಲ್ಲಿ ಆರು ಭಾಗ ಬೇಕು. ಕೇಳಿ ನುಡಿಸಿದರೆ ಅಷ್ಟು ಹಿಂದೆ ಬಿದ್ದಿರಿ ಅಂತಲೇ ಲೆಕ್ಕ. ಕಣ್ಣು ನಿರ್ದೇಶಕರ ಕೈ ಮೇಲಿರಲಿ.

ಯಾವ ವಾದ್ಯವೂ ಬಾರದವರಿಗೆ ನಾನು ಹೇಳುವುದು ಹ್ಯಾಂಡ್‌ಬೆಲ್, ಅಂದರೆ ಒಂದೊಂದೂ ಒಂದೇ ಸ್ವರ ಕೊಡುವ ಕೈಗಂಟೆಗಳು, ನಿಮ್ಮ ಚರ್ಚ್‌ನಲ್ಲಿ ಇದ್ದರೆ. ಮೂರು ಆಕ್ಟೇವ್‌ನ (ಸ್ಥಾಯಿಯ) ಸೆಟ್‌ನಲ್ಲಿ 37 ಗಂಟೆಗಳು, ಸಾಮಾನ್ಯವಾಗಿ ಒಬ್ಬರಿಗೆ ಎರಡು. ಬೆರಳಿನ ಜಿಡ್ಡು ಕಂಚಿನ ಹೊಳಪು ಕೆಡಿಸುವುದರಿಂದ ಕೈಗವಸು ಬೇಕೇ ಬೇಕು. ಗಂಟೆಯನ್ನು ಮುಂದಕ್ಕೆ ಸುತ್ತಿದಂತೆ ಬೀಸಿ ನುಡಿಸಿ, ಸ್ವರದ ಅವಧಿ ಮುಗಿದ ಕೂಡಲೇ ಭುಜಕ್ಕೆ ಒತ್ತಿ ನಾದ ನಿಲ್ಲಿಸಬೇಕು. ಹೊಸಬರು ನುಡಿಸುತ್ತಾರೆ, ನಿಲ್ಲಿಸುವುದನ್ನು ಮರೆಯುತ್ತಾರೆ. ಹಳೆಯ ಸ್ವರ ಹೊಸದರ ಮೇಲೆ ಬಿದ್ದು ಎಲ್ಲಾ ಕಲಸಿಹೋಗುತ್ತದೆ. ಎಡಗೈ ಸ್ವರಕ್ಕೊಂದು, ಬಲಗೈಗೊಂದು ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಒಬ್ಬರು ತಪ್ಪಿಸಿಕೊಂಡರೆ ರಾಗದಿಂದ ಅವರ ಸ್ವರಗಳೇ ಮಾಯ, ಆದ್ದರಿಂದ ಪ್ರಾಕ್ಟೀಸ್‌ಗೆ ಪ್ರತಿವಾರ ಬರಲಾಗದವರು ಇದನ್ನು ಒಪ್ಪಿಕೊಳ್ಳಬೇಡಿ.

ಡಿಸೆಂಬರ್‌ನಲ್ಲಿ ಹೋಗಿ ಕೇಳಬೇಡಿ. ಆಗ ಎಲ್ಲರೂ ಕ್ರಿಸ್‌ಮಸ್ ಹಾಡುಗಳಲ್ಲಿ ಮುಳುಗಿರುತ್ತಾರೆ, ಹೊಸಬರಿಗೆ ಹೇಳಿಕೊಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಈಸ್ಟರ್ ಕಳೆದ ಮೇಲಿನ ವಾರಗಳು ಒಳ್ಳೆಯವು. ಮೊದಲೆರಡು ಪ್ರಾಕ್ಟೀಸ್‌ಗೆ ವಾದ್ಯವಿಲ್ಲದೆ ಪೆನ್ಸಿಲ್ ಹಿಡಿದು ಕೂತು, ಯಾವ ಚರಣಕ್ಕೆ ಯಾರು ನುಡಿಸುತ್ತಾರೆ, ಯಾರು ಸುಮ್ಮನಿರುತ್ತಾರೆ ಅನ್ನುವುದನ್ನು ಬರೆದುಕೊಳ್ಳಿ.